ಬಾಯಿಯ ದುರ್ವಾಸನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಯಿ ವಾಸನೆಯ ವಿಷಯದಲ್ಲಿ ಒಂದು ವಿಚಿತ್ರವಿದೆ. ತೊಂದರೆ ಇರುವವರಿಗೆ ಅದು ಗೊತ್ತಾಗುವುದಿಲ್ಲ, ಗೊತ್ತಾದವರು ಬಾಯಿ ಬಿಟ್ಟು ಹೇಳುವುದಿಲ್ಲ. ಹೀಗಾಗಿ ಐದು ನಿಮಿಷದಲ್ಲಿ ಕೇಳಿ ಮುಗಿಸಬಹುದಾದ ಪ್ರಶ್ನೆಗಳು ವರ್ಷಗಟ್ಟಲೆ ಮನಸ್ಸಿನಲ್ಲೇ ಉಳಿದುಬಿಡುತ್ತವೆ. ಅಂಥ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ವಾಸನೆಯನ್ನು ಮರೆಮಾಡುವುದು ಬೇರೆ, ಅದು ಹುಟ್ಟುವ ಜಾಗವನ್ನು ಹುಡುಕಿ ಶುಚಿ ಮಾಡುವುದು ಬೇರೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಓದಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಬಾಯಿ ವಾಸನೆ ನಿಜವಾಗಿ ಹುಟ್ಟುವುದು ಎಲ್ಲಿ?

ಬಹುಪಾಲು ಬಾಯಿಯೊಳಗೇ. ದೀರ್ಘಕಾಲ ಕಾಡುವ ದುರ್ವಾಸನೆಯ ಪ್ರಕರಣಗಳಲ್ಲಿ ಶೇಕಡಾ 80ರಿಂದ 90ರಷ್ಟಕ್ಕೆ ಕಾರಣ ನಾಲಿಗೆ, ವಸಡು ಅಥವಾ ಹಲ್ಲುಗಳಲ್ಲಿಯೇ ಇರುತ್ತದೆ. ನಮ್ಮ ಬಾಯಿಯಲ್ಲಿ ನೂರಾರು ಬಗೆಯ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಅವುಗಳಲ್ಲಿ ಆಮ್ಲಜನಕ ತಲುಪದ ಸಂದುಗಳಲ್ಲಿ ಮಾತ್ರ ಬೆಳೆಯುವ ಒಂದು ಗುಂಪು, ಅಲ್ಲಿ ಸಿಕ್ಕಿಕೊಂಡ ಆಹಾರದ ಚೂರು, ಉದುರಿದ ಜೀವಕೋಶ, ಒಸರಿದ ರಕ್ತ ಮತ್ತು ಲೋಳೆಯಲ್ಲಿರುವ ಪ್ರೋಟೀನನ್ನು ಒಡೆದು ಬದುಕುತ್ತದೆ. ಪ್ರೋಟೀನಿನಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲ ಒಡೆದಾಗ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೊರಬೀಳುತ್ತದೆ. ಮೆಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಒಡೆದಾಗ ಕೊಳೆತ ಕೋಸಿನಂತೆ ನಾರುವ ಮೀಥೈಲ್ ಮರ್ಕ್ಯಾಪ್ಟಾನ್ ಬರುತ್ತದೆ. ಈ ಗಂಧಕದ ಅನಿಲಗಳು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ತಕ್ಷಣ ತಿಳಿಯುತ್ತವೆ. ಇವುಗಳ ಜೊತೆಗೆ ಕೆಡವರಿನ್, ಪುಟ್ರೆಸಿನ್, ಇಂಡೋಲ್‌ನಂಥ ಇನ್ನೂ ಕೆಲವು ನಾರುವ ರಾಸಾಯನಿಕಗಳು ಸೇರಿಕೊಳ್ಳುತ್ತವೆ.

ದಿನಕ್ಕೆ ಎರಡು ಸಲ ಹಲ್ಲುಜ್ಜುತ್ತೇನೆ. ಆದರೂ ವಾಸನೆ ಹೋಗುತ್ತಿಲ್ಲ, ಏಕೆ?

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಸುಳ್ಳು ಹೇಳುತ್ತಿಲ್ಲ. ಅವರು ನಿಜವಾಗಿಯೂ ಉಜ್ಜುತ್ತಾರೆ. ಆದರೆ ಬ್ರಷ್ಷು ಮುಟ್ಟುವುದು ಹಲ್ಲಿನ ಮುಂದಿನ, ಹಿಂದಿನ ಮತ್ತು ಅಗಿಯುವ ಮೇಲ್ಮೈಗಳನ್ನು ಮಾತ್ರ. ಎರಡು ಹಲ್ಲುಗಳು ಒಂದಕ್ಕೊಂದು ತಾಗುವ ಸಂದು, ವಸಡಿನ ಅಂಚಿನ ಕೆಳಗಿನ ಬಿರುಕು ಮತ್ತು ನಾಲಿಗೆಯ ಹಿಂಭಾಗ ಹಾಗೆಯೇ ಉಳಿಯುತ್ತವೆ. ವಾಸನೆಯ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ಇಂಥ ಗಾಳಿಯಾಡದ ಜಾಗಗಳೇ. ಫಳಫಳಿಸುವ ಹಲ್ಲಿನವರ ಬಾಯಿಯೂ ನಾರುವುದು ಈ ಕಾರಣಕ್ಕೆ.

ಉಜ್ಜುವ ರೀತಿಯನ್ನೂ ಒಮ್ಮೆ ಗಮನಿಸಬೇಕು. ಎರಡು ನಿಮಿಷ ಎಂದುಕೊಂಡು ಉಜ್ಜುವವರು ಗಡಿಯಾರ ಇಟ್ಟು ನೋಡಿದರೆ ಒಂದು ನಿಮಿಷವೂ ಆಗಿರದಿರುವುದು ಸಾಮಾನ್ಯ. ಮೃದುವಾದ ಎಳೆಗಳ ಬ್ರಷ್ಷನ್ನು ವಸಡಿನ ಅಂಚಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಬಲ ಹಾಕದೆ, ಸಣ್ಣ ಸಣ್ಣ ಚಲನೆಗಳಲ್ಲಿ ಒಂದೊಂದು ಹಲ್ಲನ್ನೂ ದಾಟುತ್ತ ಹೋಗಬೇಕು. ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ. ಬ್ರಷ್ಷಿನ ಎಳೆಗಳು ಕೆದರಿದ ಕೂಡಲೇ, ಇಲ್ಲವೇ ಮೂರು ನಾಲ್ಕು ತಿಂಗಳಿಗೊಮ್ಮೆ, ಅದನ್ನು ಬದಲಿಸಬೇಕು.

ನಾಲಿಗೆಯನ್ನು ಶುಚಿ ಮಾಡುವುದು ಅಷ್ಟು ಮುಖ್ಯವೇ? ಹೇಗೆ ಮಾಡಬೇಕು?

ವಸಡು ಆರೋಗ್ಯವಾಗಿದ್ದೂ ವಾಸನೆ ಇದ್ದರೆ ಮೊದಲು ಅನುಮಾನಿಸಬೇಕಾದ ಜಾಗ ನಾಲಿಗೆಯೇ. ನಾಲಿಗೆಯ ಮೇಲ್ಮೈ ನಯವಾದ ಚರ್ಮವಲ್ಲ. ಅದು ಒತ್ತಾಗಿ ನೇಯ್ದ ಕಂಬಳಿಯಂತೆ ಸಣ್ಣ ಸಣ್ಣ ಎಳೆಗಳಿಂದ ತುಂಬಿರುತ್ತದೆ, ಮತ್ತು ಆ ಎಳೆಗಳ ಬುಡದಲ್ಲಿ ಕೂತದ್ದು ನೀರು ಮುಕ್ಕಳಿಸಿದ ಮಾತ್ರಕ್ಕೆ ಏಳುವುದಿಲ್ಲ. ಮುಂಭಾಗ ಆಹಾರಕ್ಕೂ ಅಂಗುಳಕ್ಕೂ ತಾಗಿ ತಾಗಿ ಒಂದಿಷ್ಟು ತಾನಾಗಿ ಶುಚಿಯಾಗುತ್ತದೆ. ಹಿಂಭಾಗಕ್ಕೆ ಆ ಅನುಕೂಲವಿಲ್ಲ; ಮೇಲಾಗಿ ಮೂಗಿನ ಹಿಂದಿನಿಂದ ಇಳಿಯುವ ಲೋಳೆಯೂ ಅಲ್ಲಿಯೇ ಬಂದು ಕೂರುತ್ತದೆ.

ಕನ್ನಡಿಯ ಮುಂದೆ ನಿಂತು ನಾಲಿಗೆಯನ್ನು ಪೂರ್ತಿ ಹೊರಚಾಚಿ, ಬೆಳಕು ಬೀಳುವಂತೆ ನೋಡಿ. ತುದಿ ಗುಲಾಬಿಯಾಗಿದ್ದು, ಹಿಂದೆ ಹೋದಂತೆ ಬಿಳಿ ಅಥವಾ ಹಳದಿ ಬಣ್ಣದ ದಪ್ಪ ಪದರ ಕಂಡರೆ ಅದೇ ನಿಮ್ಮ ವಾಸನೆಯ ಮೂಲವಾಗಿರುವ ಸಾಧ್ಯತೆ ಹೆಚ್ಚು. ನಾಲಿಗೆ ಹೆರೆಯುವ ಪಟ್ಟಿಯನ್ನು ಆದಷ್ಟು ಹಿಂದೆ ಇಟ್ಟು, ಹಗುರವಾಗಿ ಒತ್ತಿ, ಮುಂದಕ್ಕೆ ಒಂದೇ ಎಳೆತದಲ್ಲಿ ತಂದು ತೊಳೆಯಿರಿ. ನಾಲ್ಕೈದು ಸಲ ಹೀಗೆ ಮಾಡುವಷ್ಟರಲ್ಲಿ ಪಟ್ಟಿಯ ಮೇಲೆ ಬರುವ ಲೋಳೆ ತೆಳುವಾಗುತ್ತದೆ. ಹಿಂದೆ ಇಟ್ಟಾಗ ಓಕರಿಕೆ ಬಂದರೆ ಉಸಿರನ್ನು ಹೊರಬಿಡುತ್ತ ಎಳೆಯುವುದು ಸುಲಭ, ಮತ್ತು ಒಂದು ವಾರದಲ್ಲಿ ಅದು ಅಭ್ಯಾಸವಾಗಿಬಿಡುತ್ತದೆ. ಪಟ್ಟಿ ಇಲ್ಲದಿದ್ದರೆ ಬ್ರಷ್ಷೂ ಆದೀತು, ಆದರೆ ಪಟ್ಟಿಯ ಕೆಲಸ ಹೆಚ್ಚು ಸ್ವಚ್ಛ. ರಕ್ತ ಬರುವಂತೆ ಕೆರೆಯುವುದು ಶುದ್ಧ ಅವಿವೇಕ. ಗಾಯವಾದ ನಾಲಿಗೆಯಿಂದ ಬ್ಯಾಕ್ಟೀರಿಯಾಗಳಿಗೆ ಹೊಸ ಆಹಾರ ಸಿಗುತ್ತದೆ, ಅಷ್ಟೇ.

ಹಲ್ಲುಸಂದಿಗೆ ದಾರ ಹಾಕಿದರೆ ರಕ್ತ ಬರುತ್ತದೆ. ನಿಲ್ಲಿಸಬೇಕೇ?

ನಿಲ್ಲಿಸಬಾರದು. ಆರೋಗ್ಯವಾಗಿರುವ ವಸಡಿನಿಂದ ಸುಮ್ಮನೆ ರಕ್ತ ಬರುವುದಿಲ್ಲ. ಬಂದಿತೆಂದರೆ ಅಲ್ಲಿ ಪಾಚಿ, ಅಂದರೆ ಬ್ಯಾಕ್ಟೀರಿಯಾಗಳ ಅಂಟು ಪದರ, ಕೂತು ವಸಡು ಉರಿಯೂತಕ್ಕೆ ಒಳಗಾಗಿದೆ ಎಂದು ಅರ್ಥ. ದಿನಕ್ಕೊಮ್ಮೆ ಹಲ್ಲುದಾರವನ್ನೋ ಸಂದಿನ ಸಣ್ಣ ಬ್ರಷ್ಷನ್ನೋ ಮೃದುವಾಗಿ ಬಳಸುತ್ತ ಹೋದರೆ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ರಕ್ತ ನಿಲ್ಲುತ್ತದೆ. ದಾರವನ್ನು ಗರಗಸದಂತೆ ಒಳಕ್ಕೆ ಬಡಿಯದೆ, ಹಲ್ಲಿನ ಬದಿಗೆ ಬಾಗಿಸಿ ಹಿಡಿದು ಮೇಲೆ ಕೆಳಗೆ ಒರೆಸಬೇಕು.

ಆಮೇಲೂ ರಕ್ತ ನಿಲ್ಲದಿದ್ದರೆ ವಸಡಿನ ಕಾಯಿಲೆಯನ್ನು ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಆರೋಗ್ಯವಂತ ವಸಡು ಮತ್ತು ಹಲ್ಲಿನ ನಡುವಿನ ಸಂದು 1ರಿಂದ 3 ಮಿಲಿಮೀಟರ್ ಆಳ ಇರುತ್ತದೆ. ಕಾಯಿಲೆ ಬೆಳೆದಂತೆ ಅದು 4, 5, 6 ಮಿಲಿಮೀಟರಿಗೆ ಇಳಿದು ಜೇಬಿನಂತಾಗುತ್ತದೆ, ಮತ್ತು ಆ ಜೇಬಿನ ತಳಕ್ಕೆ ಮನೆಯಲ್ಲಿರುವ ಯಾವ ಸಾಧನವೂ ತಲುಪುವುದಿಲ್ಲ. ಗಟ್ಟಿಯಾದ ಹಲ್ಲುಗಾರೆಯನ್ನೂ ಜೇಬಿನ ಕೊಳೆಯನ್ನೂ ದಂತವೈದ್ಯರೇ ತೆಗೆಯಬೇಕು. ಹಲ್ಲು ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ವಾಸ್ತವದಲ್ಲಿ ಹಲ್ಲನ್ನು ಸಡಿಲಗೊಳಿಸಿದ್ದು ಕಾಯಿಲೆ. ಇಷ್ಟು ದಿನ ಗಾರೆ ಅದನ್ನು ಅಂಟಿಸಿಟ್ಟುಕೊಂಡಿದ್ದರಿಂದ ಅದು ತಿಳಿದಿರಲಿಲ್ಲ.

ನನ್ನ ಬಾಯಿ ವಾಸನೆ ಬರುತ್ತಿದೆಯೇ ಎಂದು ನಾನೇ ತಿಳಿಯುವುದು ಹೇಗೆ?

ಅಂಗೈಗೆ ಊದಿ ಮೂಸುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ, ಏಕೆಂದರೆ ಸದಾ ಜೊತೆಗಿರುವ ವಾಸನೆಗೆ ಮೂಗು ಒಗ್ಗಿಹೋಗಿರುತ್ತದೆ. ಅದಕ್ಕಿಂತ ಬಾಯಿಯೊಳಗಿನದನ್ನು ಹೊರಗೆ ತಂದು ನೋಡುವುದು ಮೇಲು. ಮಣಿಕಟ್ಟನ್ನು ನಾಲಿಗೆಯ ಹಿಂಭಾಗದಿಂದ ಸಾಧ್ಯವಾದಷ್ಟು ನೆಕ್ಕಿ, ಹತ್ತು ಸೆಕೆಂಡು ಆರಲು ಬಿಟ್ಟು ಮೂಸಬಹುದು. ಒಂದು ಪ್ಲಾಸ್ಟಿಕ್ ಚಮಚದಿಂದ ನಾಲಿಗೆಯ ಹಿಂಭಾಗವನ್ನು ಹಗುರವಾಗಿ ಕೆರೆದು, ಬಂದ ಲೋಳೆಯನ್ನು ಸ್ವಲ್ಪ ಹೊತ್ತಿನ ನಂತರ ಮೂಸಬಹುದು. ಇವೆರಡಕ್ಕಿಂತಲೂ ಕಣ್ಣು ತೆರೆಸುವುದು ಹಲ್ಲುದಾರ: ಹಿಂದಿನ ದವಡೆ ಹಲ್ಲುಗಳ ನಡುವೆ ಒಮ್ಮೆ ಎಳೆದು ತೆಗೆದ ದಾರವನ್ನು ಮೂಗಿನ ಬಳಿ ಹಿಡಿದರೆ, ಯಾವ ಸಂದಿನಲ್ಲಿ ತೊಂದರೆ ಇದೆಯೆಂಬುದೂ ಒಂದೊಂದಾಗಿ ಗೊತ್ತಾಗುತ್ತದೆ. ಒಂದೇ ಸಂದು ಪ್ರತಿಸಲವೂ ನಾರುತ್ತಿದ್ದರೆ ಅಲ್ಲಿ ಹುಳುಕೋ, ಅಂಚು ಬಿಟ್ಟ ಕ್ಯಾಪೋ, ಆಳವಾದ ಜೇಬೋ ಇರಬಹುದು.

ಎಲ್ಲಕ್ಕಿಂತ ನಂಬಬಹುದಾದದ್ದು ನಿಮ್ಮವರ ಮೂಗು. ಮುಜುಗರವಾದರೂ ಮನೆಯಲ್ಲಿ ಒಬ್ಬರನ್ನು ಕೇಳಿ, ಬೇರೆ ಬೇರೆ ಹೊತ್ತಿನಲ್ಲಿ ಎರಡು ಮೂರು ದಿನ ಗಮನಿಸಲು ಹೇಳಿ. ಗಂಧಕದ ಅನಿಲಗಳನ್ನು ಅಳೆಯುವ ಉಪಕರಣಗಳು ಇವೆಯಾದರೂ ತಜ್ಞರು ಇಂದಿಗೂ ಮೂಗಿನಿಂದಲೇ ಮೂಸಿ 0ಯಿಂದ 5ರವರೆಗೆ ಅಂಕ ಕೊಡುವ ಪದ್ಧತಿಯನ್ನು ಕೈಬಿಟ್ಟಿಲ್ಲ.

ಬೆಳಿಗ್ಗೆ ಎದ್ದಾಗ ಮಾತ್ರ ವಾಸನೆ ಇರುತ್ತದೆ. ಇದು ಕಾಯಿಲೆಯೇ?

ಅಲ್ಲ. ನಿದ್ದೆಯಲ್ಲಿ ಜೊಲ್ಲು ಒಸರುವುದು ತೀರಾ ಕಡಿಮೆಯಾಗುತ್ತದೆ, ನಾಲಿಗೆ ಅಲ್ಲಾಡುವುದಿಲ್ಲ, ನುಂಗುವುದೂ ಅಪರೂಪ. ಬ್ಯಾಕ್ಟೀರಿಯಾಗಳಿಗೆ ಏಳೆಂಟು ಗಂಟೆ ಯಾರ ಅಡ್ಡಿಯೂ ಇರುವುದಿಲ್ಲ. ಹಲ್ಲುಜ್ಜಿ ತಿಂಡಿ ತಿಂದ ಮೇಲೆ ಹೋಗುವ ವಾಸನೆಗೆ ಚಿಕಿತ್ಸೆ ಬೇಕಿಲ್ಲ. ಬಾಯಿ ತೆರೆದು ಮಲಗುವವರಲ್ಲಿ, ಗೊರಕೆ ಹೊಡೆಯುವವರಲ್ಲಿ ಇದು ಜೋರಾಗಿರುತ್ತದೆ. ರಾತ್ರಿಯ ಶುಚಿಯೇ ಬೆಳಗಿನ ವಾಸನೆಯನ್ನು ನಿರ್ಧರಿಸುವುದರಿಂದ, ದಿನಕ್ಕೆ ಒಂದೇ ಸಲ ಪೂರ್ತಿ ಮನಸ್ಸಿಟ್ಟು ಬಾಯಿ ಶುಚಿ ಮಾಡಲು ಸಾಧ್ಯವೆನ್ನುವವರು ಆ ಒಂದು ಸಲವನ್ನು ಮಲಗುವ ಮುನ್ನ ಇಟ್ಟುಕೊಳ್ಳಲಿ.

ನನ್ನ ಬಾಯಿ ಸದಾ ಒಣಗಿರುತ್ತದೆ. ಅದಕ್ಕೂ ವಾಸನೆಗೂ ನಂಟಿದೆಯೇ?

ನೇರ ನಂಟಿದೆ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಒಸರುವ ಜೊಲ್ಲು ಬಾಯಿಯನ್ನು ತೊಳೆಯುತ್ತಲೇ ಇರುತ್ತದೆ, ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುತ್ತದೆ, ಆಮ್ಲಜನಕವನ್ನೂ ಒದಗಿಸುತ್ತದೆ. ಅದು ಕಡಿಮೆಯಾದರೆ ಉಳಿದ ಶುಚಿಯ ಕೆಲಸವೆಲ್ಲ ಅರ್ಧಂಬರ್ಧವಾಗುತ್ತದೆ. ಅಲರ್ಜಿ, ಖಿನ್ನತೆ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು, ಮೂತ್ರ ಹೆಚ್ಚಿಸುವ ಔಷಧಿಗಳು, ತಲೆ ಮತ್ತು ಕುತ್ತಿಗೆಗೆ ಕೊಟ್ಟ ವಿಕಿರಣ ಚಿಕಿತ್ಸೆ, ಜೊಲ್ಲಿನ ಗ್ರಂಥಿಗಳನ್ನು ಕೆಡಿಸುವ ಶೋಗ್ರೆನ್ಸ್ ಎಂಬ ಕಾಯಿಲೆ, ಹತೋಟಿಯಲ್ಲಿಲ್ಲದ ಮಧುಮೇಹ, ಸದಾ ಬಾಯಿಯಿಂದ ಉಸಿರಾಡುವ ಅಭ್ಯಾಸ, ಮದ್ಯಪಾನ ಇವೆಲ್ಲ ಬಾಯಿಯನ್ನು ಒಣಗಿಸುತ್ತವೆ. ಮಾತ್ರೆಯೇ ಕಾರಣವೆನಿಸಿದರೆ ಅದನ್ನು ತಾವಾಗಿ ನಿಲ್ಲಿಸದೆ, ಬದಲಿಗೆ ಬೇರೆ ಔಷಧಿ ಇದೆಯೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು. ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರುವುದು, ಸಕ್ಕರೆಯಿಲ್ಲದ ಗಮ್ ಅಗಿಯುವುದು, ಅಗತ್ಯವಿದ್ದರೆ ಕೃತಕ ಜೊಲ್ಲು ಬಳಸುವುದು ನೆರವಾಗುತ್ತವೆ. ಹೊತ್ತು ಮೀರಿ ಊಟ ಬಿಟ್ಟಾಗ ವಾಸನೆ ಬರುವುದಕ್ಕೂ ಅರ್ಧ ಕಾರಣ ಇದೇ: ಅಗಿಯದ ಬಾಯಿಯಲ್ಲಿ ಜೊಲ್ಲು ಇಳಿಯುವುದಿಲ್ಲ.

ಬೆಳ್ಳುಳ್ಳಿ ತಿಂದ ಮೇಲೆ ಎಷ್ಟು ಉಜ್ಜಿದರೂ ವಾಸನೆ ಏಕೆ ಹೋಗುವುದಿಲ್ಲ?

ಆ ವಾಸನೆ ಆ ಹೊತ್ತಿಗೆ ಬಾಯಿಯಲ್ಲಿ ಮಾತ್ರ ಉಳಿದಿರುವುದಿಲ್ಲ. ಬೆಳ್ಳುಳ್ಳಿ ಜೀರ್ಣವಾಗುವಾಗ ಹುಟ್ಟುವ ಅಲೈಲ್ ಮೀಥೈಲ್ ಸಲ್ಫೈಡ್ ಎಂಬ ಅನಿಲವನ್ನು ಶರೀರ ಬೇಗ ಒಡೆಯಲಾರದು. ಅದು ರಕ್ತಕ್ಕೆ ಸೇರಿ, ಶ್ವಾಸಕೋಶದ ಮೂಲಕ ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೂ ಹೊರಬರುತ್ತಿರುತ್ತದೆ. ಊಟದ ಜೊತೆಯಲ್ಲೇ ಹಾಲು, ಹಸಿ ಸೇಬು ಅಥವಾ ಪುದೀನ ಸೇವಿಸಿದರೆ ವಾಸನೆ ಗಣನೀಯವಾಗಿ ತಗ್ಗುತ್ತದೆ. ತಡವಾದಷ್ಟೂ ಪ್ರಯೋಜನ ಕಡಿಮೆ. ಇದು ತಾತ್ಕಾಲಿಕ ವಾಸನೆ, ರೋಗವಲ್ಲ. ಮುಖ್ಯವಾದ ಭೇಟಿಯೊಂದಿದ್ದ ದಿನ ಅದನ್ನು ತಿನ್ನದಿರುವುದೇ ಸರಳ ಉಪಾಯ.

ಮೌತ್‌ವಾಶ್ ಬಳಸಿದರೆ ಸಾಕಲ್ಲವೇ?

ಸಾಲದು. ಲಿಸ್ಟರೀನ್ ಎಂಬ ಹೆಸರಾಂತ ಮೌತ್‌ವಾಶ್ 1879ರಲ್ಲಿ ತಯಾರಾದದ್ದು ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ನಂಜುನಿವಾರಕವಾಗಿ. 1920ರ ದಶಕದ ಜಾಹೀರಾತುಗಳು ಅದನ್ನು ಬಾಯಿ ವಾಸನೆಯ ಮದ್ದೆಂದು ಮನೆಮನೆಗೆ ತಲುಪಿಸಿದವು. ಬಾಯಿ ವಾಸನೆಯೆಂದರೆ ಬಾಟಲಿಯಿಂದ ತೊಳೆದು ಹೋಗುವಂಥದ್ದು ಎಂಬ ನಂಬಿಕೆಯ ಬೇರು ಬಹುಮಟ್ಟಿಗೆ ಆ ಕಾಲದ್ದು. ಪಾತ್ರೆಯ ತಳದಲ್ಲಿ ಅಂಟಿದ ಜಿಡ್ಡನ್ನು ಉಜ್ಜದೆ ಮೇಲೆ ನೀರು ಸುರಿದರೆ ಏನಾಗುತ್ತದೋ, ಪಾಚಿ ಕೂತ ಬಾಯಿಗೆ ಮೌತ್‌ವಾಶ್ ಹಾಕಿದರೂ ಅಷ್ಟೇ ಆಗುತ್ತದೆ.

ಉಜ್ಜಿ, ಸಂದು ತೆಗೆದು, ನಾಲಿಗೆ ಹೆರೆದ ಮೇಲೆ ಅದನ್ನು ಜೊತೆಗೆ ಬಳಸುವುದಾದರೆ ಒಳಗೇನಿದೆ ಎಂದು ನೋಡಿಕೊಳ್ಳಿ. ಸತುವಿನ ಲವಣಗಳು ಗಂಧಕವನ್ನು ಹಿಡಿದು ಅನಿಲವಾಗದಂತೆ ತಡೆಯುತ್ತವೆ. ಸೀಟೈಲ್‌ಪಿರಿಡಿನಿಯಂ ಕ್ಲೋರೈಡ್ ಬ್ಯಾಕ್ಟೀರಿಯಾಗಳನ್ನು ತಗ್ಗಿಸುತ್ತದೆ. ಕ್ಲೋರ್‌ಹೆಕ್ಸಿಡಿನ್ ಇವುಗಳಲ್ಲಿ ಬಲಶಾಲಿ, ಆದರೆ ವಾರಗಟ್ಟಲೆ ಬಳಸಿದರೆ ಹಲ್ಲು ಮತ್ತು ನಾಲಿಗೆ ಕಂದು ಬಣ್ಣಕ್ಕೆ ತಿರುಗುತ್ತವೆ, ರುಚಿಯೂ ಕೆಡುತ್ತದೆ. ಹಾಗಾಗಿ ವೈದ್ಯರು ಹೇಳಿದಷ್ಟು ದಿನ ಮಾತ್ರ ಸಾಕು. ಪೇಸ್ಟಿನಲ್ಲಿರುವ ನೊರೆಯ ಅಂಶ ಅದರ ಶಕ್ತಿಯನ್ನು ಕುಂದಿಸುವುದರಿಂದ ಹಲ್ಲುಜ್ಜಿದ ಅರ್ಧ ಗಂಟೆಯ ನಂತರ ಬಳಸಬೇಕು. ಬಾಯಿ ಒಣಗುವವರು ಆಲ್ಕೋಹಾಲ್ ಇರುವ ಮೌತ್‌ವಾಶ್‌ನಿಂದ ದೂರವಿರುವುದು ಲೇಸು.

ಪುದೀನ ಮಾತ್ರೆ ಚೀಪುತ್ತಿರಬಹುದೇ?

ಸಕ್ಕರೆ ಇರುವ ಮಾತ್ರೆ ಚೀಪುವುದೆಂದರೆ ವಾಸನೆಗೆ ಪರದೆ ಎಳೆದು ಹುಳುಕಿಗೆ ಊಟ ಹಾಕಿದಂತೆ. ಸಕ್ಕರೆಯಿಲ್ಲದ, ಅದರಲ್ಲೂ ಜೈಲಿಟಾಲ್ ಎಂಬ ಸಿಹಿಕಾರಕ ಇರುವ ಗಮ್ ಜೊಲ್ಲು ಬರಿಸುವುದರಿಂದ ಅದಾದರೂ ಉಪಯೋಗಕ್ಕೆ ಬಂದೀತು.

ವಾಸನೆ ಹೊಟ್ಟೆಯಿಂದ ಬರುತ್ತದೆ ಎನ್ನುತ್ತಾರಲ್ಲ?

ಜನ ಅಂದುಕೊಂಡಷ್ಟು ಇಲ್ಲ. ಅನ್ನನಾಳ ತೆರೆದ ಕೊಳವೆಯಲ್ಲ. ನುಂಗದಿರುವಾಗ ಅದು ಮುಚ್ಚಿಕೊಂಡಿರುತ್ತದೆ, ಹೊಟ್ಟೆಯ ಗಾಳಿ ಪ್ರತಿ ಉಸಿರಿನಲ್ಲೂ ಮೇಲೆ ಬರಲು ದಾರಿಯಿಲ್ಲ. ತೇಗಿನ ಜೊತೆ ಬರುವ ವಾಸನೆ ತೇಗಿನೊಂದಿಗೇ ಮುಗಿಯುತ್ತದೆ. ಹುಳಿ ಮೇಲೆ ಬರುವ ತೊಂದರೆ ತೀವ್ರವಾಗಿರುವವರಲ್ಲಿ, ಅನ್ನನಾಳದ ಪಕ್ಕಕ್ಕೆ ಚೀಲದಂತೆ ಉಬ್ಬಿ ಆಹಾರ ನಿಲ್ಲುವ ಅಪರೂಪದ ಸ್ಥಿತಿಯಲ್ಲಿ ವಾಸನೆ ಇರಬಹುದು. ಆದರೆ ಹೊಟ್ಟೆಯನ್ನೇ ದೂರುತ್ತ ತಿಂಗಳುಗಟ್ಟಲೆ ಮಾತ್ರೆ ನುಂಗಿ, ನಾಲಿಗೆಯನ್ನೂ ವಸಡನ್ನೂ ಒಮ್ಮೆಯೂ ಯಾರಿಗೂ ತೋರಿಸದಿರುವುದು ತಿರುಗುಮುರುಗಾದ ಕ್ರಮ.

ಗಂಟಲಿನಿಂದ ಅಕ್ಕಿಕಾಳಿನಂಥ ಬಿಳಿ ಚೂರುಗಳು ಬರುತ್ತವೆ, ವಿಪರೀತ ನಾರುತ್ತವೆ. ಏನಿವು?

ಟಾನ್ಸಿಲ್ ಕಲ್ಲುಗಳು. ಟಾನ್ಸಿಲ್ಲಿನ ಮೈಮೇಲಿರುವ ಸಣ್ಣ ಗುಳಿಗಳಲ್ಲಿ ಆಹಾರದ ಕಣ, ಸತ್ತ ಕೋಶ ಮತ್ತು ಬ್ಯಾಕ್ಟೀರಿಯಾಗಳು ಸೇರಿ ಗಟ್ಟಿಯಾದಾಗ ಇವು ಆಗುತ್ತವೆ. ಅಪಾಯವೇನಿಲ್ಲ, ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿದರೆ ಎಷ್ಟೋ ಸಲ ಸಡಿಲವಾಗಿ ಬರುತ್ತವೆ. ಪಿನ್ನು, ಕಡ್ಡಿಗಳಿಂದ ಕೀಳಬಾರದು, ಟಾನ್ಸಿಲ್ಲಿನಿಂದ ರಕ್ತ ಸುಲಭವಾಗಿ ಬರುತ್ತದೆ. ಪದೇ ಪದೇ ಆಗುತ್ತಿದ್ದರೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು. ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಟ್ಟಾಗಲೇ ವಾಸನೆ ಹೆಚ್ಚಿದ್ದರೆ ಮೂಲ ಮೂಗು ಅಥವಾ ಸೈನಸ್ಸಿನಲ್ಲಿರಬಹುದು, ಅದಕ್ಕೂ ಅದೇ ತಜ್ಞರು.

ಚಿಕ್ಕ ಮಗುವಿನ ಬಾಯಿ ವಾಸನೆ ಬಂದರೆ?

ಹುಳುಕು ಹಲ್ಲು, ಬಾಯಿಯಿಂದ ಉಸಿರಾಡುವುದು, ದೊಡ್ಡದಾದ ಅಡಿನಾಯ್ಡ್ (ಮೂಗಿನ ಹಿಂಭಾಗದಲ್ಲಿರುವ ಟಾನ್ಸಿಲ್‌ನಂಥ ಅಂಗಾಂಶ) ಇವು ಸಾಮಾನ್ಯ ಕಾರಣಗಳು. ಮೂಗಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಸುರಿಯುತ್ತಿದ್ದರೆ ಮಗು ಅಲ್ಲಿ ಏನನ್ನೋ ತುರುಕಿಕೊಂಡಿರುವ ಸಂಭವವಿದೆ. ಮನೆಯಲ್ಲಿ ಕೀಳಲು ಹೋಗದೆ ವೈದ್ಯರ ಬಳಿ ಕರೆದೊಯ್ಯಬೇಕು, ಮತ್ತು ಅದು ಬಟನ್ ಬ್ಯಾಟರಿಯಾಗಿರಬಹುದೆಂಬ ಅನುಮಾನವಿದ್ದರೆ ಒಂದು ಗಂಟೆಯೂ ಕಾಯಬಾರದು. ಅದು ಒಳಗಿನ ಚರ್ಮವನ್ನು ಬಹುಬೇಗ ಸುಡುತ್ತದೆ.

ಕಟ್ಟಿಸಿದ ಹಲ್ಲಿನ ಸೆಟ್ಟಿನಿಂದ ವಾಸನೆ ಬರುತ್ತದೆಯೇ?

ಬರುತ್ತದೆ. ರಾತ್ರಿ ತೆಗೆದಿಟ್ಟು, ಮೃದುವಾದ ಬ್ರಷ್ಷಿನಿಂದ ಎಲ್ಲ ಮಗ್ಗುಲನ್ನೂ ಉಜ್ಜಿ, ನೀರಿನಲ್ಲೋ ಶುಚಿಗೊಳಿಸುವ ದ್ರಾವಣದಲ್ಲೋ ಮುಳುಗಿಸಿಡಬೇಕು. ಸೆಟ್ಟು ಕೂರುವ ವಸಡನ್ನೂ ನಾಲಿಗೆಯನ್ನೂ ಒರೆಸಬೇಕು. ಬಿಸಿನೀರು ಬೇಡ, ಅದು ಸೆಟ್ಟಿನ ಆಕಾರ ಕೆಡಿಸುತ್ತದೆ.

ಧೂಮಪಾನ ಬಿಟ್ಟರೆ ವಾಸನೆ ಹೋಗುತ್ತದೆಯೇ?

ಹೊಗೆಯ ವಾಸನೆ ಕೆಲವು ದಿನಗಳಲ್ಲಿ ಹೋಗುತ್ತದೆ. ವಸಡು ಸುಧಾರಿಸಲು ತಿಂಗಳುಗಳು ಬೇಕು. ತಂಬಾಕು ವಸಡಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಸೇದುವವರ ವಸಡಿನಲ್ಲಿ ಕಾಯಿಲೆ ಇದ್ದರೂ ರಕ್ತ ಕಾಣದಿರಬಹುದು. ಬಿಟ್ಟ ಮೇಲೆ ರಕ್ತ ಕಾಣಿಸಿದರೆ, ಬಿಟ್ಟದ್ದೇ ತಪ್ಪಾಯಿತೆಂದು ಹೆದರಬಾರದು, ಅಡಗಿದ್ದದ್ದು ಹೊರಬಂದಿದೆ.

ಬಾಯಿ ವಾಸನೆ ಬೇರೆ ಕಾಯಿಲೆಯ ಸೂಚನೆಯಾಗಬಹುದೇ?

ಅಪರೂಪಕ್ಕೆ. ಮಧುಮೇಹಿಗಳ ಉಸಿರಿನಲ್ಲಿ ಕಳಿತ ಹಣ್ಣಿನಂಥ ಅಥವಾ ಉಗುರುಬಣ್ಣ ತೆಗೆಯುವ ದ್ರವದಂಥ ವಾಸನೆ ಬಂದು, ಜೊತೆಗೆ ವಾಂತಿ, ವಿಪರೀತ ಬಾಯಾರಿಕೆ, ಏದುಸಿರು, ಮಂಪರು ಇದ್ದರೆ ಅದು ಕೀಟೋಅಸಿಡೋಸಿಸ್, ಅಂದರೆ ರಕ್ತದಲ್ಲಿ ಆಮ್ಲ ಅಪಾಯದ ಮಟ್ಟಕ್ಕೆ ಏರುವ ಸ್ಥಿತಿ, ಆಗಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಉಪವಾಸ ಮಾಡುವವರಲ್ಲಿ ಮತ್ತು ಪಿಷ್ಟವನ್ನು ತೀರಾ ಕಡಿಮೆ ಮಾಡಿದವರಲ್ಲಿಯೂ ಇದೇ ಅಸಿಟೋನ್ ವಾಸನೆ ಹಗುರವಾಗಿ ಬರುತ್ತದೆ, ಅದು ಬೇರೆ. ಮೂತ್ರಪಿಂಡ ಸೋತವರ ಉಸಿರಿನಲ್ಲಿ ಅಮೋನಿಯಾ, ಯಕೃತ್ತು ಸೋತವರಲ್ಲಿ ಕಮಟು ಸಿಹಿ ವಾಸನೆ ಇರುತ್ತದೆ. ಆದರೆ ಆ ಹಂತಕ್ಕೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಬೇರೆ ಲಕ್ಷಣಗಳೂ ಎದ್ದು ಕಾಣುತ್ತಿರುತ್ತವೆ. ಬರೀ ಬಾಯಿ ವಾಸನೆಯೊಂದನ್ನೇ ಹಿಡಿದುಕೊಂಡು ಇಂಥ ಕಾಯಿಲೆಗಳನ್ನು ಊಹಿಸುತ್ತ ಕೂರಬೇಕಿಲ್ಲ.

ಎಲ್ಲರೂ ವಾಸನೆಯಿಲ್ಲ ಎನ್ನುತ್ತಾರೆ, ನನಗೆ ಮಾತ್ರ ನಂಬಿಕೆ ಬರುತ್ತಿಲ್ಲ.

ಎದುರಿನವರು ಮೂಗು ಮುಟ್ಟಿಕೊಂಡರೆ, ಕಿಟಕಿ ತೆರೆದರೆ, ಒಂದು ಹೆಜ್ಜೆ ಹಿಂದೆ ಸರಿದರೆ ಅದು ತನ್ನಿಂದಲೇ ಎಂದು ಓದಿಕೊಳ್ಳುವವರಿದ್ದಾರೆ. ದಂತವೈದ್ಯರು ಪರೀಕ್ಷಿಸಿ ಏನೂ ಇಲ್ಲವೆಂದ ಮೇಲೂ ಬಾಯಿ ಮುಚ್ಚಿ ಮಾತಾಡುವುದು, ಜನರಿಂದ ದೂರ ಉಳಿಯುವುದು, ದಿನಕ್ಕೆ ಎಂಟು ಹತ್ತು ಸಲ ಉಜ್ಜುವುದು ಮುಂದುವರಿದರೆ ತೊಂದರೆ ಬಾಯಿಯಲ್ಲಿಲ್ಲ, ಆತಂಕದಲ್ಲಿದೆ. ಆ ಸಂಕಟ ಸುಳ್ಳಲ್ಲ. ಇದಕ್ಕೆ ಮನಶ್ಶಾಸ್ತ್ರಜ್ಞರ ನೆರವು ಪರಿಣಾಮಕಾರಿ. ಇನ್ನೊಂದು ಬಾಟಲಿ ಮೌತ್‌ವಾಶ್ ಅಲ್ಲ.

ಬೇರೆಯವರಿಗೆ ವಾಸನೆ ಇದೆಯೆಂದು ಹೇಳುವುದು ಹೇಗೆ?

ಒಬ್ಬರೇ ಇದ್ದಾಗ, ನೇರವಾಗಿ, ಒಂದೇ ಮಾತಿನಲ್ಲಿ. ಮೇಜಿನ ಮೇಲೆ ಗಮ್ ಇಟ್ಟು ಹೋಗುವ ಸೂಚನೆಗಳು ಅರ್ಥವಾಗುವುದಿಲ್ಲ, ಅರ್ಥವಾದರೆ ಇನ್ನೂ ಹೆಚ್ಚು ನೋಯಿಸುತ್ತವೆ. "ಇತ್ತೀಚೆಗೆ ನಿಮ್ಮ ಬಾಯಿ ಸ್ವಲ್ಪ ವಾಸನೆ ಬರುತ್ತಿದೆ, ವಸಡು ಒಮ್ಮೆ ತೋರಿಸಿ" ಎಂದರೆ ಅವರಿಗೆ ಮುಂದೇನು ಮಾಡಬೇಕೆಂಬುದೂ ಸಿಕ್ಕಿದಂತಾಗುತ್ತದೆ.

ಎಷ್ಟು ದಿನ ಕಾದು ದಂತವೈದ್ಯರ ಬಳಿ ಹೋಗಬೇಕು, ಅಲ್ಲಿ ಏನು ಮಾಡುತ್ತಾರೆ?

ಉಜ್ಜುವುದು, ಸಂದು ಶುಚಿ ಮಾಡುವುದು, ನಾಲಿಗೆ ಹೆರೆಯುವುದು ಈ ಮೂರನ್ನೂ ತಪ್ಪದೆ ಎರಡು ಮೂರು ವಾರ ಮಾಡಿ, ಬಗ್ಗದಿದ್ದರೆ ಹೋಗಿ. ಹಲ್ಲು ಅಲ್ಲಾಡುವುದು, ಕೀವು, ಬಾವು, ಮೂರು ವಾರ ಕಳೆದರೂ ಮಾಯದ ಹುಣ್ಣು ಇದ್ದರೆ ಕಾಯಬೇಡಿ. ಹೋಗುವ ದಿನ ಬೆಳಿಗ್ಗೆ ಮೌತ್‌ವಾಶ್, ಗಮ್, ಸುಗಂಧದ್ರವ್ಯ ಬಳಸಬಾರದು, ಹಿಂದಿನ ಎರಡು ದಿನ ಬೆಳ್ಳುಳ್ಳಿ ಮತ್ತು ಈರುಳ್ಳಿ ಬಿಡಬೇಕು. ಬಾಯಿ ಇದ್ದಂತೆ ಇದ್ದರೆ ಮಾತ್ರ ಪರೀಕ್ಷೆಗೆ ಅರ್ಥ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನು ಬರೆದುಕೊಂಡು ಹೋಗಿ. ವೈದ್ಯರು ಪ್ರತಿ ಹಲ್ಲಿನ ಸುತ್ತ ವಸಡಿನ ಆಳ ಅಳೆಯುತ್ತಾರೆ, ಹುಳುಕು ಮತ್ತು ಹಳೆಯ ಕ್ಯಾಪುಗಳ ಅಂಚನ್ನು ನೋಡುತ್ತಾರೆ, ಬೇಕಿದ್ದರೆ ಎಕ್ಸ್‌ರೇ ತೆಗೆಸುತ್ತಾರೆ. ಗಾರೆ ತೆಗೆದ ಮೇಲೆ ಕೆಲವು ದಿನ ತಣ್ಣನೆಯದು ತಾಗಿದರೆ ಹಲ್ಲು ಜುಮ್ಮೆನ್ನುವುದು ಸಹಜ. ಕೆಲವು ವಾರಗಳ ನಂತರ ವಸಡಿನ ಆಳವನ್ನು ಮತ್ತೆ ಅಳೆಯಲು ಕರೆಯುತ್ತಾರೆ. ವಾಸನೆ ಹೋಯಿತೆಂದು ಆ ಎರಡನೇ ಭೇಟಿಯನ್ನು ತಪ್ಪಿಸಿಕೊಳ್ಳುವವರೇ ಹೆಚ್ಚು, ಜೇಬು ಮುಚ್ಚಿದೆಯೋ ಇಲ್ಲವೋ ಎಂದು ತಿಳಿಯುವುದು ಮಾತ್ರ ಆ ಭೇಟಿಯಲ್ಲೇ.